ಎಷ್ಟರಲ್ಲಿ ಎಷ್ಟು?

ನಾನು ಗಣಿತದ ಟೀಚರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು. ಬಿ.ಎ.ಗೆ ಸೇರುವಾಗ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಆರಿಸಿಕೊಂಡದ್ದೇ ಇನ್ನು ಲೆಕ್ಕದ ಕಾಟ ತಪ್ಪಿತು ಎಂಬ ಸಂತೋಷದಿಂದ. ಈಗಲೂ ಅಂಕಪಟ್ಟಿಯಲ್ಲಿ ಶೇಕಡಾ ಹಾಕುವಾಗ ಪಕ್ಕದ ಕುರ್ಚಿಯ ಲೆಕ್ಕದ ಮೇಡಂಗೆ ಒಮ್ಮೆ ತೋರಿಸಿಯೇ ರುಜು ಮಾಡುತ್ತೇನೆ. ಅಂಥವಳು ಈ ವಯಸ್ಸಿನಲ್ಲಿ ಲೆಕ್ಕದ ಪರವಾಗಿ ಜಗಳಕ್ಕೆ ನಿಂತದ್ದು ನೋಡಿ ನಮ್ಮ ಯಜಮಾನರಿಗೆ ನಗು. ನಗಲಿ. ಶಾರದೆಯ ಕತೆ ಕೇಳಿದ ದಿನ ಅವರೂ ನಕ್ಕಿರಲಿಲ್ಲ.

ಶಾರದೆ ಎನ್ನುವುದು ಅವಳ ನಿಜವಾದ ಹೆಸರಲ್ಲ. ನನ್ನ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು, ಪಿ.ಯು.ಸಿ. ಮುಗಿಯುತ್ತಲೂ ಎರಡು ವರ್ಷ ಮನೆಯಲ್ಲಿ ಕೂತು ಆಮೇಲೆ ಮದುವೆಯಾದವಳು. 2011ರ ಶ್ರಾವಣದಲ್ಲಿ ಅವಳ ತಾಯಿ ಒಂದು ಸಂಜೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. ಮಗಳು ಐದು ತಿಂಗಳ ಬಸುರಿ. ಆಷಾಢ ಕಳೆದ ಮೇಲೆ ಗಂಡನ ಮನೆಗೆ ಹೋಗಬೇಕಾದವಳು ಅಲ್ಲಿಂದ ತವರಿಗೆ ಬಂದು ಕೂತಿದ್ದಾಳೆ. ಬಂದಿದ್ದಾಳೆ ಎನ್ನುವುದಕ್ಕಿಂತ ಕಳಿಸಿದ್ದಾರೆ ಎನ್ನಬೇಕು. ಸೀಮಂತಕ್ಕೆ ಕೊಂಡ ಹಸಿರು ಸೀರೆ ಪೆಟ್ಟಿಗೆಯಲ್ಲೇ ಇತ್ತು.

ಕಾರಣ ಒಂದು ಚೀಟಿ. ಬಸುರಿಯರಿಗೆ ಎಲ್ಲ ಕಡೆ ಮಾಡಿಸುವ ರಕ್ತಪರೀಕ್ಷೆಗಳಲ್ಲಿ ವಿ.ಡಿ.ಆರ್.ಎಲ್. ಎಂಬುದೊಂದು ಇದೆ. ಸಿಫಿಲಿಸ್, ನಮ್ಮ ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದ ಲೈಂಗಿಕ ರೋಗ, ಅದು ಇದೆಯೇ ಎಂದು ನೋಡುವುದಕ್ಕೆ. ಶಾರದೆಯ ಚೀಟಿಯಲ್ಲಿ ಅದರ ಎದುರಿಗೆ ‘ರಿಯಾಕ್ಟಿವ್’ ಎಂದು ಬರೆದಿತ್ತು. ಡಾಕ್ಟರು ಒಂದು ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟು, ‘ಯಜಮಾನರಿಗೂ ಟೆಸ್ಟ್ ಮಾಡಿಸಬೇಕು, ಕರಕೊಂಡು ಬನ್ನಿ’ ಅಂದರಂತೆ. ಗಂಡ ಹೋದ. ಅವನ ಚೀಟಿಯಲ್ಲಿ ‘ನಾನ್ ರಿಯಾಕ್ಟಿವ್’. ಆಮೇಲೆ ಆ ಮನೆಯಲ್ಲಿ ಎದ್ದ ಪ್ರಶ್ನೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವನಿಗಿಲ್ಲ, ಇವಳಿಗಿದೆ. ಹಾಗಾದರೆ ಇವಳಿಗೆ ಎಲ್ಲಿಂದ ಬಂತು?

‘ಟೀಚರೇ, ನನ್ನ ಮಗಳು ಅಂಥವಳಲ್ಲ’ ಎಂದು ಆ ತಾಯಿ ಹೇಳುತ್ತಿದ್ದರು. ನಾನೂ ‘ಹೌದಮ್ಮ, ಖಂಡಿತ ಅಲ್ಲ’ ಎನ್ನುತ್ತಿದ್ದೆ. ಆದರೆ ಈಗ ನಾಚಿಕೆಯಾಗುತ್ತದೆ, ಹೇಳಿಯೇಬಿಡುತ್ತೇನೆ: ಮನಸ್ಸಿನ ಯಾವುದೋ ಮೂಲೆಯಲ್ಲಿ ನನಗೂ ಸಂಶಯ ಬಂದಿತ್ತು. ಮಷೀನು ಸುಳ್ಳು ಹೇಳುತ್ತದೆಯೇ? ಕಂಪ್ಯೂಟರಿನಲ್ಲಿ ಟೈಪಾಗಿ, ಸೀಲು ಬಿದ್ದು ಬಂದದ್ದು!

ನಮ್ಮ ಲೆಕ್ಕದ ಮೇಡಂ ಅವರ ಮಗಳು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಳು. ಅವಳಿಗೆ ಫೋನು ಮಾಡಿದೆ. ಆ ಹುಡುಗಿ ಕೇಳಿದ ಮೊದಲ ಮಾತು, ‘ಆಂಟಿ, ಟಿ.ಪಿ.ಎಚ್.ಎ. ಮಾಡಿಸಿದಾರಾ?’ ವಿ.ಡಿ.ಆರ್.ಎಲ್. ಎಂಬುದು ರೋಗದ ಕ್ರಿಮಿಯನ್ನು ನೇರವಾಗಿ ಹುಡುಕುವ ಪರೀಕ್ಷೆಯೇ ಅಲ್ಲವಂತೆ. ರೋಗ ಬಂದಾಗ ಮೈಯಲ್ಲಿ ಹುಟ್ಟುವ ಒಂದು ಬಗೆಯ ವಸ್ತುವನ್ನು ಹುಡುಕುತ್ತದೆ. ಆ ವಸ್ತು ಮಲೇರಿಯಾ ಬಂದವರಲ್ಲಿ, ಕುಷ್ಠ ಇದ್ದವರಲ್ಲಿ, ಲೂಪಸ್ ಎಂಬ ಇನ್ನೊಂದು ಕಾಯಿಲೆ ಇದ್ದವರಲ್ಲಿ, ಕೆಲವು ಸಲ ಬರೇ ಬಸಿರಾದವರಲ್ಲೂ ಹುಟ್ಟಬಹುದು. ಅದಕ್ಕೇ ‘ರಿಯಾಕ್ಟಿವ್’ ಬಂದರೆ ಟಿ.ಪಿ.ಎಚ್.ಎ. ಎಂಬ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಇದು ವೈದ್ಯಕೀಯ ಓದುವವರಿಗೆಲ್ಲ ಗೊತ್ತಿರುವ ಪಾಠ. ಗುಟ್ಟೇನೂ ಅಲ್ಲ.

ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿಸಿ ಶಾರದೆಯನ್ನು ಕರೆದೊಯ್ದೆವು. ಟಿ.ಪಿ.ಎಚ್.ಎ. ನೆಗೆಟಿವ್. ಹೆರಿಗೆಯಾದ ಕೆಲವು ತಿಂಗಳಿಗೆ ಎರಡೂ ಪರೀಕ್ಷೆ ಮತ್ತೆ ಮಾಡಿಸಿದರು, ಎರಡೂ ನೆಗೆಟಿವ್. ಹುಡುಗಿಗೆ ಯಾವ ರೋಗವೂ ಇರಲಿಲ್ಲ. ಗಂಡ ಬಂದು ಕರೆದುಕೊಂಡು ಹೋದ, ಆದರೆ ಮಗು ಮೂರು ತಿಂಗಳದ್ದಾದ ಮೇಲೆ. ಮೊದಲ ಚೀಟಿಯನ್ನು ಆ ಮನೆಯಲ್ಲಿ ಅತ್ತೆ, ಮಾವ, ಮೈದುನ, ನಾದಿನಿ ಎಲ್ಲ ಓದಿದ್ದರು. ಎರಡನೆಯದನ್ನು ಗಂಡ ಒಬ್ಬನೇ ಓದಿ ಮಡಿಚಿ ಜೇಬಿಗೆ ಹಾಕಿಕೊಂಡನಂತೆ.

ನನ್ನ ಜಗಳ ಆ ಡಾಕ್ಟರು ಇಂಜೆಕ್ಷನ್ ಕೊಟ್ಟದ್ದಕ್ಕಲ್ಲ. ಅದು ಸರಿಯೇ. ನಿಜವಾಗಿ ರೋಗವಿದ್ದು ಬಿಟ್ಟರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ, ಪೆನಿಸಿಲಿನ್ ಅಗ್ಗದ ಔಷಧ, ಸಂಶಯವಿದ್ದಾಗ ಕೊಡುವುದೇ ಕ್ಷೇಮ. ಇಂಜೆಕ್ಷನ್ ಕೊಟ್ಟರು, ಅದರ ಜೊತೆ ಕೊಡಬೇಕಾಗಿದ್ದ ಒಂದು ಮಾತನ್ನು ಕೊಡಲಿಲ್ಲ. ‘ಈ ಪರೀಕ್ಷೆ ಹೌದು ಎಂದವರಲ್ಲಿ ಎಲ್ಲರಿಗೂ ರೋಗ ಇರುವುದಿಲ್ಲ. ಇನ್ನೊಂದು ಪರೀಕ್ಷೆಯಾಗುವ ತನಕ ಏನೂ ಹೇಳುವಂತಿಲ್ಲ’, ಇಷ್ಟೇ ಮಾತು. ಒಂದು ನಿಮಿಷವೂ ಬೇಡ.

ಈಗ ಆ ಲೆಕ್ಕಕ್ಕೆ ಬರೋಣ. ಹೆದರಬೇಡಿ, ನನಗೆ ಅರ್ಥವಾದದ್ದು ನಿಮಗೆ ಆಗದೆ ಇರುವುದಿಲ್ಲ.

ನಾವೆಲ್ಲ ಅಕ್ಕಿ ಆರಿಸಿದವರು. ಈಗಿನ ಮಕ್ಕಳು ಪ್ಯಾಕೆಟ್ಟಿನ ಸೋನಾಮಸೂರಿಯನ್ನು ನೇರ ಕುಕ್ಕರಿಗೆ ಸುರಿಯುತ್ತಾರೆ, ಆದರೆ ನಮ್ಮ ಕಾಲದಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದೆವು. ಬೆಳ್ಳಗೆ ಕಾಣದ್ದನ್ನೆಲ್ಲ ಹೆಕ್ಕಿ ಪಕ್ಕಕ್ಕೆ ಹಾಕುವುದು. ಅದರಲ್ಲಿ ಕಲ್ಲೂ ಇರುತ್ತದೆ, ಭತ್ತದ ಕಾಳೂ ಇರುತ್ತದೆ, ಕಪ್ಪಾದ ಒಳ್ಳೆಯ ಅಕ್ಕಿಯೂ ಇರುತ್ತದೆ. ಈಗ ಹೇಳಿ, ಪಕ್ಕಕ್ಕೆ ಹಾಕಿದ ಆ ಸಣ್ಣ ಗುಡ್ಡೆಯಲ್ಲಿ ನಿಜವಾದ ಕಲ್ಲು ಎಷ್ಟು? ಅದು ನಿಮ್ಮ ಕಣ್ಣಿನ ಮೇಲೆ ಮಾತ್ರ ನಿಂತ ಮಾತಲ್ಲ, ಯಾವ ಅಕ್ಕಿ ಎನ್ನುವುದರ ಮೇಲೂ ನಿಂತಿದೆ. ಕಲ್ಲು ತುಂಬಿದ ಹಳೆಯ ರೇಷನ್ ಅಕ್ಕಿಯಾದರೆ ಗುಡ್ಡೆಯ ಬಹುಪಾಲು ಕಲ್ಲೇ. ಮನೆಯಲ್ಲೇ ಬೆಳೆದು ಚೊಕ್ಕ ಮಾಡಿಟ್ಟ ಅಕ್ಕಿಯಾದರೆ ಅದೇ ಕಣ್ಣು, ಅದೇ ಕೈ, ಅದೇ ಮೊರ, ಆದರೆ ಗುಡ್ಡೆಯಲ್ಲಿ ಕಲ್ಲು ಹುಡುಕಬೇಕು.

ಪರೀಕ್ಷೆಯ ಚೀಟಿಯೂ ಹೀಗೇ. ಒಂದು ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಒಂದು ತಾಲ್ಲೂಕಿನ 1000 ಬಸುರಿಯರಲ್ಲಿ ನಿಜವಾಗಿ ರೋಗ ಇರುವವರು 5 ಜನ. ಪರೀಕ್ಷೆ ಬಹಳ ಒಳ್ಳೆಯದು, ಐವರನ್ನೂ ಹಿಡಿಯಿತು. ರೋಗವಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ, ನೂರಕ್ಕೆ 99 ಸರಿ ಹೇಳುತ್ತದೆ. ಇಂಥ ಪರೀಕ್ಷೆಯನ್ನು ನಂಬದೆ ಇನ್ನು ಯಾವುದನ್ನು ನಂಬೋಣ ಅನ್ನಿಸುತ್ತದಲ್ಲವೇ? ಆದರೆ ರೋಗವಿಲ್ಲದವರು 995 ಜನ ಇದ್ದಾರೆ. ಅವರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 10 ಜನ. ಒಟ್ಟು 15 ಜನರ ಕೈಗೆ ‘ರಿಯಾಕ್ಟಿವ್’ ಚೀಟಿ ಬಂತು. ರೋಗ ಇರುವುದು ಐವರಿಗೆ. ಮೂವರಲ್ಲಿ ಇಬ್ಬರು ಏನೂ ಇಲ್ಲದವರು!

ಅದೇ ಪರೀಕ್ಷೆಯನ್ನು ಲೈಂಗಿಕ ರೋಗಗಳ ಚಿಕಿತ್ಸೆಗೆಂದೇ ಇರುವ ಕಡೆ ಮಾಡಿ. ಅಲ್ಲಿಗೆ ಬರುವ 1000 ಜನರಲ್ಲಿ 100 ಜನರಿಗೆ ರೋಗವಿದೆ ಎನ್ನೋಣ. ಆ ನೂರೂ ಸಿಕ್ಕಿತು, ಮಿಕ್ಕ 900ರಲ್ಲಿ 9 ಜನ ತಪ್ಪಾಗಿ ಸಿಕ್ಕರು. 109 ಚೀಟಿಗಳಲ್ಲಿ 100 ನಿಜ. ರಾಸಾಯನಿಕ ಅದೇ, ಮಷೀನು ಅದೇ, ಚೀಟಿಯ ಮೇಲಿನ ಅಕ್ಷರವೂ ಅದೇ. ಅರ್ಥ ಮಾತ್ರ ಪೂರಾ ಬೇರೆ.

ಇದರಲ್ಲಿ ಕೂಡುವುದು ಕಳೆಯುವುದು ಬಿಟ್ಟರೆ ಮತ್ತೇನಿದೆ ಹೇಳಿ. ಗೊಂದಲ ಇರುವುದು ಲೆಕ್ಕದಲ್ಲಿ ಅಲ್ಲ, ವಾಕ್ಯದಲ್ಲಿ. ಕನ್ನಡ ಓದಿದವಳಾಗಿ ನನಗೆ ಅದು ಬೇಗ ಹೊಳೆಯಿತು. ‘ರೋಗ ಇದ್ದವರಲ್ಲಿ ಎಷ್ಟು ಜನಕ್ಕೆ ಪರೀಕ್ಷೆ ಹೌದು ಎನ್ನುತ್ತದೆ’ ಎನ್ನುವುದು ಒಂದು ವಾಕ್ಯ. ‘ಪರೀಕ್ಷೆ ಹೌದು ಎಂದವರಲ್ಲಿ ಎಷ್ಟು ಜನಕ್ಕೆ ರೋಗ ಇದೆ’ ಎನ್ನುವುದು ಅದನ್ನು ತಿರುವಿ ಹಾಕಿದ ಇನ್ನೊಂದು ವಾಕ್ಯ. ಎರಡೂ ಒಂದೇ ಎಂದುಕೊಂಡರೆ ಕೆಟ್ಟೆವು. ನಮ್ಮ ಶಾಲೆಯ ಟೀಚರುಗಳೆಲ್ಲ ಸೀರೆ ಉಡುತ್ತೇವೆ. ಹಾಗೆಂದು ಬಸ್‌ಸ್ಟ್ಯಾಂಡಿನಲ್ಲಿ ಸೀರೆ ಉಟ್ಟು ನಿಂತವರೆಲ್ಲ ನಮ್ಮ ಶಾಲೆಯ ಟೀಚರುಗಳೇ? ಮೊದಲ ವಾಕ್ಯ ಕಿಟ್ಟು ತಯಾರಿಸಿದವರಿಗೆ ಬೇಕಾದದ್ದು, ಎರಡನೆಯದು ಚೀಟಿ ಹಿಡಿದು ನಿಂತ ಹೆಂಗಸಿಗೆ ಬೇಕಾದದ್ದು. ನಮ್ಮ ಕೈಗೆ ಸಿಗುವುದು ಸಿಕ್ಕರೆ ಮೊದಲನೆಯದೇ.

ಇದೇನೂ ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಈ ತಿರುಗುಮುರುಗನ್ನು ಬಿಡಿಸುವ ದಾರಿ ತೋರಿಸಿದವರು ಇಂಗ್ಲೆಂಡಿನ ಒಬ್ಬ ಪಾದ್ರಿ, ಥಾಮಸ್ ಬೇಯ್ಸ್. ಅವರು 1761ರಲ್ಲಿ ತೀರಿಕೊಂಡರು, ಅವರ ಬರಹವನ್ನು ಸ್ನೇಹಿತ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದರು. ಇನ್ನೂರೈವತ್ತು ವರ್ಷ ದಾಟಿದೆ. ಅಷ್ಟಾದರೂ ಡಾಕ್ಟರುಗಳಿಗೇ ಇದು ಕೈಕೊಡುತ್ತದೆ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ 60 ಮಂದಿ ವೈದ್ಯರು ಮತ್ತು ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿದರು. ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಪರೀಕ್ಷೆ ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ಹಿಡಿಯುತ್ತದೆ. ಒಬ್ಬನಿಗೆ ಪಾಸಿಟಿವ್ ಬಂದಿದೆ, ಬೇರೆ ಲಕ್ಷಣವೇನೂ ಗೊತ್ತಿಲ್ಲ. ಅವನಿಗೆ ನಿಜವಾಗಿ ಕಾಯಿಲೆ ಇರುವ ಸಂಭವ ಎಷ್ಟು? ಹೆಚ್ಚುಕಡಿಮೆ ಅರ್ಧ ಮಂದಿ ನೂರಕ್ಕೆ 95 ಎಂದರು. ಅಕ್ಕಿ ಆರಿಸಿದಂತೆ ನೀವೇ ಮಾಡಿ ನೋಡಿ: ಸಾವಿರದಲ್ಲಿ ನಿಜವಾದ ರೋಗಿ ಒಬ್ಬ, ತಪ್ಪಾಗಿ ಸಿಕ್ಕವರು ಸುಮಾರು 50. ಅಂದರೆ 51ರಲ್ಲಿ ಒಂದು, ನೂರಕ್ಕೆ ಎರಡು. ಸರಿಯಾದ ಉತ್ತರ ಕೊಟ್ಟವರು 60ರಲ್ಲಿ 11 ಜನ. ನಮ್ಮೂರಿನ ಡಾಕ್ಟರನ್ನು ಒಬ್ಬರನ್ನೇ ಬೈದು ಪ್ರಯೋಜನವಿಲ್ಲ ಎಂದು ನನಗೆ ಸಮಾಧಾನವಾದದ್ದು ಇದನ್ನು ಓದಿದ ಮೇಲೆ. ಸಮಾಧಾನ ಅಂದೆನೇ? ಭಯ ಎನ್ನಬೇಕಿತ್ತು.

ನಮ್ಮಲ್ಲಿ ಮಳೆಗಾಲದ ಜ್ವರಕ್ಕೆಲ್ಲ ‘ವೈಡಾಲ್’ ಪರೀಕ್ಷೆ ಒಂದು ಶಾಸ್ತ್ರ ಆಗಿಬಿಟ್ಟಿದೆ. ಫ್ರಾನ್ಸಿನ ಫರ್ನಾಂಡ್ ವೈಡಾಲ್ 1896ರಲ್ಲಿ ತೋರಿಸಿಕೊಟ್ಟ ವಿಧಾನ. ಟೈಫಾಯಿಡ್ ಬಂದರೆ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಹುಡುಕುತ್ತದೆ. ಆದರೆ ಟೈಫಾಯಿಡ್ ಮನೆಮಾತಾಗಿರುವ ನಮ್ಮಂಥ ಊರುಗಳಲ್ಲಿ ಎಂದೋ ಬಂದು ಹೋದ ಸೋಂಕಿನ, ಹಾಕಿಸಿಕೊಂಡ ಲಸಿಕೆಯ ಗುರುತು ಎಷ್ಟೋ ಜನರ ರಕ್ತದಲ್ಲಿ ಉಳಿದಿರುತ್ತದೆ. ಒಂದೇ ಒಂದು ಸಲ ಮಾಡಿದ ವೈಡಾಲ್ ನೋಡಿ ಟೈಫಾಯಿಡ್ ಎಂದು ಠರಾವು ಮಾಡುವುದು ಕಷ್ಟ. ವಾರ ಹತ್ತು ದಿನ ಬಿಟ್ಟು ಮತ್ತೆ ಮಾಡಿ ಏರಿದೆಯೇ ನೋಡಬೇಕು, ಇಲ್ಲವೇ ಔಷಧ ಶುರುಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸಬೇಕು. ನಮ್ಮ ಓಣಿಯಲ್ಲಿ ಈ ಮಾತು ಹೇಳಿದರೆ ‘ನೀವು ಡಾಕ್ಟರೇನ್ರೀ?’ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಒಂದು ವರ್ಷ ಮಗನಿಗೆ ‘ಒಂದಕ್ಕೆ ಎಂಬತ್ತು ಪಾಸಿಟಿವ್’ ಎಂದು ಹದಿನಾಲ್ಕು ದಿನ ಗಂಜಿ ಕುಡಿಸಿದ್ದೇನೆ, ಇರಲಿ.

ಕ್ಷಯದ ಕತೆ ಇದಕ್ಕಿಂತ ದೊಡ್ಡದು. ರಕ್ತದಲ್ಲಿ ಪ್ರತಿಕಾಯ ನೋಡಿ ಟಿ.ಬಿ. ಹೇಳುತ್ತೇವೆ ಎಂಬ ಕಿಟ್ಟುಗಳು ನಮ್ಮ ದೇಶದ ತುಂಬ ಮಾರಾಟವಾಗುತ್ತಿದ್ದವು. ಇಲ್ಲದವರಿಗೆ ಇದೆ ಎನ್ನುವುದು, ಇದ್ದವರಿಗೆ ಇಲ್ಲ ಎನ್ನುವುದು, ಎರಡೂ ನಡೆದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವುಗಳನ್ನು ಬಳಸಲೇಬೇಡಿ ಎಂದಿತು. 2012ರಲ್ಲಿ ಭಾರತ ಸರ್ಕಾರ ಅವುಗಳ ತಯಾರಿಕೆ, ಆಮದು, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಅಲ್ಲಿಯ ತನಕ ಆ ಚೀಟಿ ನಂಬಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರು, ಟಿ.ಬಿ. ಇದೆಯಂತೆ ಎಂದು ಮದುವೆ ಮುರಿದುಕೊಂಡ ಹೆಣ್ಣುಮಕ್ಕಳು, ಇವರ ಲೆಕ್ಕ ಇಟ್ಟವರು ಯಾರು?

ಸರಿಯಾಗಿ ಮಾಡುವುದು ಸಾಧ್ಯವೇ ಇಲ್ಲವೇ ಎಂದರೆ, ಇದೆ. ಸರ್ಕಾರಿ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಮಾಡುವ ಕ್ರಮ ನೋಡಿ. ಲಕ್ಷಣವಿಲ್ಲದ ಒಬ್ಬರಿಗೆ ಇದೆ ಎಂದು ಹೇಳಬೇಕಾದರೆ ಮೂರು ಬೇರೆ ಬೇರೆ ಬಗೆಯ ಪರೀಕ್ಷೆಗಳು ಹೌದೆನ್ನಬೇಕು. ಪರೀಕ್ಷೆಗೆ ಮೊದಲೂ ಆಮೇಲೂ ಕೂರಿಸಿ ಮಾತಾಡಿಸುತ್ತಾರೆ. ಚೀಟಿಯನ್ನು ಮೈದುನನ ಕೈಗೆ ಕೊಡುವುದಿಲ್ಲ. ಒಂದು ಕಾಯಿಲೆಗೆ ಸಾಧ್ಯವಾದದ್ದು ಇನ್ನೊಂದಕ್ಕೆ ಯಾಕೆ ಆಗಬಾರದು?

ಈಗ ನಮ್ಮ ಪಟ್ಟಣಗಳಿಗೆ ಬಂದಿರುವ ಹೊಸ ಹಬ್ಬ ಹೆಲ್ತ್ ಪ್ಯಾಕೇಜ್. ಮಹಿಳಾ ದಿನಾಚರಣೆಗೆ ರಿಯಾಯಿತಿ, ತಾಯಂದಿರ ದಿನಕ್ಕೆ ರಿಯಾಯಿತಿ. ಸೀರೆ ಅಂಗಡಿಯ ಆಷಾಢದ ಸೇಲಿನ ಹಾಗೆ. ನನ್ನ ಮಗ ಬೆಂಗಳೂರಿನಿಂದಲೇ ಹಣ ಕಟ್ಟಿ, ಐವತ್ತೈದನೇ ಹುಟ್ಟುಹಬ್ಬಕ್ಕೆ ನನಗೆ ಒಂದು ಪ್ಯಾಕೇಜ್ ಉಡುಗೊರೆ ಕೊಟ್ಟ. ಬೆಳಿಗ್ಗೆ ಆರಕ್ಕೆ ಹುಡುಗ ಮನೆಗೇ ಬಂದು ಮೂರು ಸೀಸೆ ರಕ್ತ ತೆಗೆದುಕೊಂಡು ಹೋದ. ಸಂಜೆಗೆ ಫೋನಿನಲ್ಲಿ ಹನ್ನೆರಡು ಪುಟದ ವರದಿ. ಎರಡು ಕಡೆ ಕೆಂಪಕ್ಷರ. ಮಗನಿಗೆ ಗಾಬರಿ, ಸೊಸೆಗೆ ಗಾಬರಿ, ನಮ್ಮ ಯಜಮಾನರು ಅಂದು ರಾತ್ರಿ ನನ್ನ ಕಡೆ ನೋಡುತ್ತಿದ್ದ ರೀತಿಯೇ ಬೇರೆ. ಅದಕ್ಕೊಬ್ಬ ತಜ್ಞರು, ಇದಕ್ಕೊಬ್ಬ ತಜ್ಞರು, ಮತ್ತೊಂದು ಸ್ಕ್ಯಾನು. ಎರಡು ತಿಂಗಳು ಓಡಾಡಿದ ಮೇಲೆ ಗೊತ್ತಾದದ್ದು ಏನೂ ಇಲ್ಲ ಎಂದು.

ಆಗ ಲೆಕ್ಕದ ಮೇಡಂ ಬಿಡಿಸಿ ಹೇಳಿದರು. ಚೀಟಿಯ ಬಲಬದಿಗೆ ‘ನಾರ್ಮಲ್’ ಎಂದು ಇಷ್ಟರಿಂದ ಇಷ್ಟು ಎಂದು ಬರೆದಿರುತ್ತಾರಲ್ಲ, ಅದು ದೇವರು ಬರೆದ ಗಡಿಯಲ್ಲ. ಸಾಮಾನ್ಯವಾಗಿ ಮಾಡುವುದೇನೆಂದರೆ, ಆರೋಗ್ಯವಾಗಿರುವ ಒಂದಷ್ಟು ಜನರನ್ನು ಪರೀಕ್ಷೆ ಮಾಡಿ, ನಡುವಿನ 95 ಭಾಗ ಎಲ್ಲಿಂದ ಎಲ್ಲಿಯವರೆಗೆ ಬರುತ್ತದೋ ಅದನ್ನು ಗಡಿ ಎನ್ನುತ್ತಾರೆ. ಅಂದರೆ ಗುಂಡುಕಲ್ಲಿನಂತಿರುವ ನೂರು ಜನರಲ್ಲೂ ಐವರು ಆ ಗಡಿಯಿಂದ ಆಚೆ ಇರುತ್ತಾರೆ, ಗಡಿ ಹಾಕಿದ ರೀತಿಯಿಂದಲೇ. ಇದು ಒಂದು ಪರೀಕ್ಷೆಗೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಪೂರಾ ಆರೋಗ್ಯವಂತರಾದ 100 ಜನರಲ್ಲಿ ಎಲ್ಲವೂ ಗಡಿಯೊಳಗೇ ಬರುವುದು ಸುಮಾರು 36 ಜನರಿಗೆ. ಮಿಕ್ಕ 64 ಜನರಿಗೆ ಒಂದಾದರೂ ಕೆಂಪಕ್ಷರ ಗ್ಯಾರಂಟಿ. ನನ್ನದು 60 ಪರೀಕ್ಷೆಯ ಪ್ಯಾಕೇಜು! ಎಲ್ಲವೂ ಕಪ್ಪಕ್ಷರದಲ್ಲೇ ಬಂದಿದ್ದರೆ ಆಶ್ಚರ್ಯಪಡಬೇಕಿತ್ತು. ಆ ಕೆಂಪಕ್ಷರದ ಹಿಂದೆ ಎಷ್ಟು ಜನರ ಅನ್ನ ನಡೆಯುತ್ತದೆ ಎಂದು ಯೋಚಿಸಿದಾಗ, ಉಡುಗೊರೆ ಕೊಟ್ಟ ಮಗನ ಮೇಲೆ ಸಿಟ್ಟು ಬರಲಿಲ್ಲ, ಮಾರಿದವರ ಮೇಲೆ ಬಂತು.

ಪತ್ರಿಕೆಗಳೂ ಕಡಿಮೆಯಿಲ್ಲ. ‘ಅಪಾಯ ಎರಡು ಪಟ್ಟು!’ ಎಂದು ಶೀರ್ಷಿಕೆ ಹಾಕುತ್ತಾರೆ, ಎಷ್ಟರ ಎರಡು ಪಟ್ಟು ಎಂದು ಹೇಳುವುದಿಲ್ಲ. 1995ರಲ್ಲಿ ಬ್ರಿಟನ್ನಿನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಕೆ ಹೊರಟಿತು. ಹೆಂಗಸರು ಹೆದರಿ ಮಾತ್ರೆ ಬಿಸಾಡಿದರು. ನಿಜ ಸಂಗತಿ ಏನೆಂದರೆ ಸುಮಾರು 7000 ಹೆಂಗಸರಲ್ಲಿ ಒಬ್ಬರಿಗಿದ್ದದ್ದು ಇಬ್ಬರಿಗಾಗಿತ್ತು. ಎರಡು ಪಟ್ಟು ಸುಳ್ಳಲ್ಲ, ಆದರೆ 7000ದಲ್ಲಿ ಹೆಚ್ಚಾದದ್ದು ಒಬ್ಬರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ಆದವೆಂದು ಅಂದಾಜು ಮಾಡಿದ್ದಾರೆ. ಹೆಪ್ಪುಗಟ್ಟುವ ಅಪಾಯವೋ, ಮಾತ್ರೆಗಿಂತ ಬಸಿರಿನಲ್ಲೇ ಹೆಚ್ಚು.

ಇಷ್ಟು ಹೇಳಿದಾಗ ಕೆಲವರು, ‘ಹಾಗಾದರೆ ಟೆಸ್ಟೇ ಬೇಡ ಅಂತೀರೇನು?’ ಎಂದು ಕೇಳಿದ್ದಾರೆ. ಖಂಡಿತ ಅಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕ ಹೆಂಗಸು ಪರೀಕ್ಷೆ ಬೇಡ ಎಂದು ಕೂತರೆ ಅದು ಮೂರ್ಖತನ. ಗಂಟು ಸಿಕ್ಕವರ ಸಾಲು ಬೇರೆ, ಏನೂ ಇಲ್ಲದೆ ಬಂದವರ ಸಾಲು ಬೇರೆ, ಅದು ಕಲ್ಲಿರುವ ಅಕ್ಕಿ. ‘ಇಲ್ಲ’ ಎಂಬ ಚೀಟಿಯನ್ನೂ ಕುರುಡಾಗಿ ನಂಬಬಾರದು. 2020ರ ಕೊರೊನಾ ಕಾಲದಲ್ಲಿ ಅರ್ಧ ಗಂಟೆಯಲ್ಲಿ ಬರುವ ರ‍್ಯಾಪಿಡ್ ಪರೀಕ್ಷೆ ನೆಗೆಟಿವ್ ಎಂದು ಕೆಮ್ಮುತ್ತಲೇ ಮದುವೆ ಮನೆಗೆ ಹೋದವರು ನಮ್ಮ ಪೈಕಿ ಎಷ್ಟಿಲ್ಲ? ಲಕ್ಷಣವಿದ್ದು ಅದು ನೆಗೆಟಿವ್ ಬಂದರೆ ಆರ್.ಟಿ.ಪಿ.ಸಿ.ಆರ್. ಮಾಡಿಸಲೇಬೇಕು ಎಂದು ಐ.ಸಿ.ಎಂ.ಆರ್. ಆಗಲೇ ಸ್ಪಷ್ಟವಾಗಿ ಹೇಳಿತ್ತು. ಕೇಳಿದವರು ಯಾರು.

ಇನ್ನು ಕೆಲವರದ್ದು ಬೇರೆ ವಾದ. ಒಬ್ಬ ಡಾಕ್ಟರು, ಪರಿಚಯದವರೇ, ನಗುತ್ತಾ ಹೇಳಿದರು: ‘ಹೆಂಗಸರಿಗೆ ಈ ಪರ್ಸೆಂಟೇಜ್ ಎಲ್ಲ ಹೇಳಿದರೆ ಇನ್ನೂ ಗಾಬರಿ ಬೀಳುತ್ತಾರೆ ಮೇಡಂ.’ ನನಗೆ ರೇಗಿತು. ಚಿನ್ನದ ಅಂಗಡಿಯಲ್ಲಿ ವೇಸ್ಟೇಜು ನೂರಕ್ಕೆ ಎಷ್ಟು ಎಂದು ಅರ್ಧ ಗಂಟೆ ಜಗಳವಾಡುವವರು ಯಾರು? ಚೀಟಿ ಹಾಕಿ, ಈ ತಿಂಗಳು ಎತ್ತಿದರೆ ಎಷ್ಟು ನಷ್ಟ, ಕೊನೆಗೆ ಎತ್ತಿದರೆ ಎಷ್ಟು ಲಾಭ ಎಂದು ಬಾಯಲ್ಲೇ ಹೇಳುವವರು ಯಾರು? ಸ್ತ್ರೀಶಕ್ತಿ ಸಂಘದ ಬಡ್ಡಿಯ ಪುಸ್ತಕ ಬರೆಯುವವಳು ಏಳನೇ ಕ್ಲಾಸು ಓದಿದ ಹೆಂಗಸು. ನಮಗೆ ಲೆಕ್ಕ ಬರುತ್ತದೆ. ಹೇಳುವವರಿಲ್ಲ ಅಷ್ಟೆ.

ಹೇಳಬೇಕಾಗಿದ್ದವರಲ್ಲಿ ನಾನೂ ಒಬ್ಬಳು. ಹತ್ತನೇ ತರಗತಿಯಲ್ಲಿ ಶಾರದೆಯ ಕಾಲಕ್ಕೂ ಸಂಖ್ಯಾಶಾಸ್ತ್ರದ ಪಾಠವಿತ್ತು. ಸರಾಸರಿ, ಮಧ್ಯಾಂಕ, ಬಹುಲಕ. ಸೂತ್ರ ಬಾಯಿಪಾಠ ಮಾಡಿ, ನಕ್ಷೆ ನೀಟಾಗಿ ಎಳೆದರೆ ಅಂಕ ಗ್ಯಾರಂಟಿ ಎಂದು ಮಕ್ಕಳಿಗೆ ಬಲು ಇಷ್ಟದ ಪಾಠ. ಶಾರದೆಗೆ ಅದರಲ್ಲಿ ಒಂದು ಅಂಕವೂ ಹೋಗಿರಲಿಲ್ಲವಂತೆ, ಮೊನ್ನೆ ಅವಳೇ ಹೇಳಿದಳು. ಆದರೆ ಆ ಅಂಕಿಗಳೆಲ್ಲ ಯಾರೋ ಬ್ಯಾಟ್ಸ್‌ಮನ್ನಿನ ರನ್ನುಗಳು, ಯಾವುದೋ ಕಾರ್ಖಾನೆಯ ಕೂಲಿಗಳು. ಒಂದು ದಿನವೂ ಅವಳ ರಕ್ತದ, ಅವಳ ಬಸಿರಿನ ಲೆಕ್ಕವಾಗಿ ಬಂದದ್ದಿಲ್ಲ.

ನನ್ನ ವಿಷಯದಲ್ಲೂ ಅಷ್ಟೇ. ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಪಾಠ ಮಾಡುವಾಗ ಇಷ್ಟು ವರ್ಷ ನಾನು ದೀಪ ಹಿಡಿದ ಕರುಣಾಮಯಿಯನ್ನೇ ತೋರಿಸಿದೆ. ಶಾಲಾ ವಾರ್ಷಿಕೋತ್ಸವದಲ್ಲಿ ಬಿಳಿ ಸೀರೆ ಉಡಿಸಿ ಹುಡುಗಿಯರ ಕೈಗೆ ಲಾಟೀನು ಕೊಟ್ಟಿದ್ದೇನೆ. ಆಕೆ ಲೆಕ್ಕದ ಹೆಂಗಸು ಎಂಬುದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಆಸ್ಪತ್ರೆಯ ಕೊಳಕಿನಿಂದ ಹಬ್ಬಿದ ರೋಗಗಳಿಂದಲೇ ಸತ್ತರು ಎಂದು ತಿಂಗಳು ತಿಂಗಳಿನ ಸಾವು ಎಣಿಸಿ, ಬಣ್ಣದ ಚಿತ್ರ ಬರೆದು ಸರ್ಕಾರದ ಮುಂದೆ ಹಿಡಿದವರು ಆಕೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯಾಗಿ ತೆಗೆದುಕೊಂಡಿತು, ಹೆಂಗಸರಲ್ಲಿ ಮೊದಲಿಗರು. ನಮ್ಮ ಹುಡುಗಿಯರಿಗೆ ಲಾಟೀನು ಕೊಟ್ಟೆವು, ಲೆಕ್ಕದ ಪುಸ್ತಕ ಬಚ್ಚಿಟ್ಟೆವು.

ನನ್ನ ಬೇಡಿಕೆ ದೊಡ್ಡದೇನಲ್ಲ. ಲ್ಯಾಬಿನ ಚೀಟಿಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಅಚ್ಚಾಗಲಿ. ಈ ಪರೀಕ್ಷೆ ರೋಗವಿರುವ ನೂರು ಜನರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ, ರೋಗವಿಲ್ಲದ ನೂರು ಜನರಲ್ಲಿ ಎಷ್ಟು ಜನರನ್ನು ತಪ್ಪಾಗಿ ಹಿಡಿಯುತ್ತದೆ. ಖಚಿತ ಮಾಡಿಕೊಳ್ಳಲು ಮುಂದಿನ ಪರೀಕ್ಷೆ ಯಾವುದು ಎಂಬುದನ್ನೂ ಸೇರಿಸಿದರೆ ಮೂರು ಸಾಲಾದೀತು. ಜಾಹೀರಾತಿಗೆ ಅರ್ಧ ಪುಟ ಬಿಡುವವರಿಗೆ ಮೂರು ಸಾಲು ಭಾರವೇ? ಅದು ಆಗುವ ತನಕ ನಾವೇ ಕೇಳಬೇಕು. ನನ್ನಂಥ ಹೆಂಗಸರಲ್ಲಿ ಈ ಪರೀಕ್ಷೆ ಹೌದು ಎಂದಾಗ ನಿಜವಾಗಿ ಇರುವುದು ಎಷ್ಟರಲ್ಲಿ ಎಷ್ಟು ಎಂದು. ತಿಳಿಯದಿದ್ದರೆ ಡಾಕ್ಟರು ತಿಳಿಯದು ಎನ್ನಲಿ, ಅದೂ ಉತ್ತರವೇ.

ಹೋದ ತಿಂಗಳು ನಾನೇ ಕೇಳಿ ನೋಡಿದೆ. ಸೊಸೆ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಹೋಗುವ ಮೊದಲು ನಮ್ಮೂರಿಗೆ ಬಂದಿದ್ದಳು. ಅವಳ ಜೊತೆ ಲ್ಯಾಬಿಗೆ ಹೋಗಿದ್ದೆ. ಪಟ್ಟಿಯಲ್ಲಿ ಅದೇ ವಿ.ಡಿ.ಆರ್.ಎಲ್. ಇತ್ತು. ಕೌಂಟರಿನ ಹುಡುಗನಿಗೆ ಕೇಳಿದೆ, ‘ಏನಪ್ಪಾ, ಈ ಟೆಸ್ಟು ಕಾಯಿಲೆ ಇಲ್ಲದ ನೂರು ಜನರಲ್ಲಿ ಎಷ್ಟು ಜನಕ್ಕೆ ತಪ್ಪಾಗಿ ಇದೆ ಅನ್ನುತ್ತೆ?’ ಹುಡುಗ ನನ್ನ ಮುಖ ನೋಡಿದ, ಸೊಸೆಯ ಮುಖ ನೋಡಿದ, ಆಮೇಲೆ ಒಳಗೆ ಹೋಗಿ ಹಿರಿಯರೊಬ್ಬರನ್ನು ಕರೆದುಕೊಂಡು ಬಂದ. ಅವರು ಕೈಗವಸು ತೆಗೆಯುತ್ತಾ, ‘ಇಪ್ಪತ್ತು ವರ್ಷದಲ್ಲಿ ಇದನ್ನ ಯಾರೂ ಕೇಳಿಲ್ಲ ಮೇಡಂ’ ಎಂದರು. ಸ್ವಲ್ಪ ಯೋಚಿಸಿ, ಕಿಟ್ಟಿನ ಡಬ್ಬಿಯ ಒಳಗಿನಿಂದ ಎಂಟು ಮಡಿಕೆಯ ಒಂದು ತೆಳು ಕಾಗದ ತೆಗೆದುಕೊಟ್ಟರು. ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ. ಸೊಸೆ ಓದುತ್ತಾ ಹೋದಳು. ಕೊನೆಯಿಂದ ಎರಡನೇ ಪ್ಯಾರಾದಲ್ಲಿ ನಾನು ಕೇಳಿದ ಎರಡೂ ಅಂಕಿಗಳು ಇದ್ದವು.

‘ಈ ಕಾಗದ ಆಮೇಲೆ ಏನು ಮಾಡ್ತೀರಿ?’ ಎಂದೆ.

‘ಡಬ್ಬಿ ಒಡೆದ ದಿನವೇ ಕಸಕ್ಕೆ ಹಾಕ್ತೀವಿ. ಬೇಕಾದರೆ ನೀವೇ ಇಟ್ಕೊಳ್ಳಿ’ ಎಂದರು.

ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ. ಮರುದಿನ ಎಂಟನೇ ತರಗತಿಗೆ ತೆಗೆದುಕೊಂಡು ಹೋದೆ. ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಶಾರದೆಯ ಮಗಳು ಕೂರುತ್ತಾಳೆ.